ಕುಂಬಾರನು ಕೊಳ್ಳದ ಕುದುರೆ

“ಒಂದು ಮಾತು ಪೂರ್ತಿ ಆಡಲು ಬಿಡುವುದಿಲ್ಲವಲ್ಲೇ! ಎಷ್ಟು ಸಲ ಅಡ್ಡಬಾಯಿ ಹಾಕುತ್ತೀಯ?” ಎಂದು ದಾಕ್ಷಾಯಣಿ ಮಗಳನ್ನು ಗದರಿದಳು. ಮೂರು ವರ್ಷದ ಮಗಳಿಗೆ ಮಠದ ಗಂಟೆ ಬೇಕಾಗಿತ್ತು. ಅವಳು ಅಮ್ಮನ ಸೆರಗು ಎಳೆದು ಮತ್ತೆ, “ಗಂಟೆ,” ಎಂದಳು.

ಮಠದ ಹಿರಿಯ ಬುದ್ಧಿಯವರು ನಕ್ಕರು. “ಅವಳದು ಆಯಿತು. ನಿನ್ನ ಪ್ರಶ್ನೆ ಕೇಳು ತಾಯಿ.”

“ನಮ್ಮ ಯಜಮಾನರಿಗೆ ಹುಚ್ಚು ಹಿಡಿದಿದೆ ಬುದ್ಧಿ. ಸ್ಕೂಲ್ ವ್ಯಾನ್ ಓಡಿಸುವವರಿಗೆ ಫಾರಿನ್ ಸ್ಪೋರ್ಟ್ಸ್ ಕಾರು ಬೇಕಂತೆ. ಸೆಕೆಂಡ್ ಹ್ಯಾಂಡೂ ಅಲ್ಲ, ನಾಲ್ಕನೇ ಹ್ಯಾಂಡು. ನೆಲಕ್ಕೆ ಹೇಗೆ ಅಂಟಿಕೊಂಡಿದೆ ಎಂದರೆ, ನಮ್ಮ ಬೀದಿಯ ಹಂಪ್ ದಾಟಿಸಲು ನಾಲ್ಕು ಜನ ಹೆಗಲು ಕೊಡಬೇಕು. ಒಳಗೆ ಇರುವುದೇ ಎರಡು ಸೀಟು. ಮಗುವನ್ನೇನು ಡಿಕ್ಕಿಯಲ್ಲಿ ಹಾಕುತ್ತೀರಾ ಎಂದೆ. ಬೆಳಿಗ್ಗೆ ಅದೇ ಬೀದಿ, ಸಾಯಂಕಾಲ ಅದೇ ಬೀದಿ. ಮಕ್ಕಳಿರುವ ವ್ಯಾನನ್ನು ಒಂದು ದಿನವೂ ಜೋರಾಗಿ ಓಡಿಸಿದವರಲ್ಲ. ಅವರಿಗೆ ಅಂಥ ಕಾರು ಏಕೆ ಬುದ್ಧಿ?”

“ಅವನು ಏನೆಂದ?”

“‘ದಾಕ್ಷಾಯಣಿ, ಆ ಕಾರು ನಮ್ಮದಾದರೆ...’ ಎಂದು ರಾಗ ತೆಗೆದರು. ‘ನಮ್ಮದಾದರೆ ಅದರ ಟೈರನ್ನೇ ಬೇಯಿಸಿ ಬಡಿಸುತ್ತೇನೆ, ಉಣ್ಣಿ’ ಎಂದು ಅಲ್ಲೇ ಬಾಯಿ ಮುಚ್ಚಿಸಿದೆ. ಬಾಡಿಗೆ ಮನೆ ಬಿಟ್ಟು ಸ್ವಂತದ್ದು ಎರಡು ಕೋಣೆ ಕಟ್ಟಿಸೋಣ ಎಂದು ಕೂಡಿಟ್ಟ ದುಡ್ಡು ಅದು. ಇವತ್ತು ಸಂಜೆ ಅಡ್ವಾನ್ಸ್ ಕೊಡಬೇಕಂತೆ. ಹೊರಗೆ ವ್ಯಾನಿನಲ್ಲೇ ಕೂತಿದ್ದಾರೆ, ಕರೆದರೂ ಒಳಗೆ ಬರಲಿಲ್ಲ. ನೀವೇ ಕರೆಸಿ ಒಂದು ಮಾತು ಹೇಳಿ. ನಮ್ಮಂಥ ಸಣ್ಣ ಸಂಪಾದನೆಯವರು ಅಂಥದ್ದನ್ನು ಕೊಳ್ಳಬಹುದೇ?”

ಬುದ್ಧಿಯವರು ಯಾರನ್ನೂ ಕರೆಸಲಿಲ್ಲ. ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕುಂಬಾರನಿದ್ದ. ಅವನಿಗೊಂದು ಕತ್ತೆ. ಮಡಕೆಗಳನ್ನು ಹಗ್ಗದ ಬಲೆಗಳಲ್ಲಿ ತುಂಬಿ, ಕತ್ತೆಯ ಎರಡೂ ಬದಿಗೆ ಇಳಿಬಿಟ್ಟು ಸಂತೆಗೆ ಹೋಗುತ್ತಿದ್ದ. ಮಡಕೆ ಹೊತ್ತ ಕತ್ತೆ ಅವಸರ ಮಾಡಬಾರದು. ಅದಕ್ಕೇ ಅವನು ಅದರ ಕಿವಿ ಹಿಡಿದು, ದಾರಿಯ ಕಲ್ಲು ನೋಡುತ್ತ ನಿಧಾನವಾಗಿ ನಡೆಯುತ್ತಿದ್ದ. ಮಾರಿ ಬರುವಾಗ ಬಲೆ ಬರಿದಾಗಿರುತ್ತಿತ್ತು. ಆಗಲೂ ಇಬ್ಬರೂ ಹಾಗೆಯೇ ನಡೆಯುತ್ತಿದ್ದರು. ಬೇರೆ ನಡಿಗೆ ಇಬ್ಬರಿಗೂ ಮರೆತುಹೋಗಿತ್ತು.

ಒಂದು ಸಲ ಆ ಸಂತೆಗೆ ದೂರದೇಶದ ಕುದುರೆ ವ್ಯಾಪಾರಿ ಬಂದ. ಅವನ ಬಳಿ ಒಂದೇ ಕುದುರೆ ಉಳಿದಿತ್ತು. ಅದಕ್ಕೆ ವಯಸ್ಸು ಸ್ವಲ್ಪ ಮೀರಿತ್ತು. ವ್ಯಾಪಾರಿಗೆ ಊರಿಗೆ ಮರಳುವ ಆತುರ. ಬೆಲೆ ಇಳಿಸಿದ್ದ. ಕುಂಬಾರ ಕುದುರೆಯ ಕುತ್ತಿಗೆ ಮುಟ್ಟಿದ. ಅದು ನಿಂತಲ್ಲೇ ಗೊರಸಿನಿಂದ ನೆಲ ಕೆರೆಯಿತು.

ಅವನು ಮನೆಗೆ ಬಂದಾಗ ಹೆಂಡತಿ ಮಡಕೆ ಸುಡುವ ಆವಿಗೆಗೆ ಬೆಂಕಿ ಹಾಕುತ್ತಿದ್ದಳು.

“ಸಂತೆಯಲ್ಲಿ ಒಂದು ಕುದುರೆ ಬಂದಿದೆ. ಅದು ನಮ್ಮದಾದರೆ...” ಎಂದ.

“ನಮ್ಮದಾದರೆ ಈ ಆವಿಗೆ ಆರುತ್ತದೆ,” ಎಂದಳು. “ಕತ್ತೆ ಬೇಲಿಯ ಸಂದಿಯಲ್ಲಿ ಮೇಯ್ದು ಬರುತ್ತದೆ. ಕುದುರೆಗೆ ದಿನವೂ ಹುರುಳಿ ಬೇಕು. ಒಂದು ಸಲ ಅದು ಕುಣಿದರೆ ನಮ್ಮ ದುಡಿಮೆಯೆಲ್ಲ ಚೂರು. ಓಡುವ ಪ್ರಾಣಿಯ ಮೇಲೆ ಮಡಕೆ ಹೇರಿದವನನ್ನು ಯಾರಾದರೂ ಕಂಡಿದ್ದಾರೆಯೇ?”

“ಹಾಗೆ ಕೇಳಬೇಕು!” ಎಂದಳು ದಾಕ್ಷಾಯಣಿ.

“ಸರಿಯಾಗಿಯೇ ಕೇಳಿದಳು,” ಎಂದರು ಬುದ್ಧಿಯವರು. “ಅವಳ ಲೆಕ್ಕದಲ್ಲಿ ಒಂದು ಕವಡೆಯೂ ತಪ್ಪಿರಲಿಲ್ಲ.”

ಕುಂಬಾರ ಕುದುರೆ ಕೊಳ್ಳಲಿಲ್ಲ. ವ್ಯಾಪಾರಿ ಕುದುರೆ ಹತ್ತಿ ಹೊರಟುಹೋದ.

ಮುಂದಿನ ಸಂತೆಯ ದಿನ ಊಟಕ್ಕೆ ಕೂತಾಗ ಕುಂಬಾರ, “ಆ ಕುದುರೆ ಇದ್ದಿದ್ದರೆ...” ಎಂದ. “ಇದ್ದಿದ್ದರೆ ಹುರುಳಿ ಅದಕ್ಕೆ, ಹುರುಳಿ ತೊಳೆದ ನೀರು ನಮಗೆ,” ಎಂದಳು ಹೆಂಡತಿ. ಮಕ್ಕಳೆಲ್ಲ ನಕ್ಕರು. ಕುಂಬಾರನೂ ನಕ್ಕ. ಅದೊಂದು ಆಟವಾಯಿತು. ಅವನು “ಆ ಕುದುರೆ” ಎಂದರೆ ಸಾಕು, ಉಳಿದದ್ದನ್ನು ಮಕ್ಕಳು ಹೇಳಿ ಮುಗಿಸುತ್ತಿದ್ದರು. ಕೆರೆಗೆ ಮಣ್ಣು ತರಲು ಹೋದರೆ ಅಲ್ಲಿದ್ದವರು ಹೇಳಿ ಮುಗಿಸುತ್ತಿದ್ದರು. ಕೆಲವು ಕಾಲದ ಮೇಲೆ ಅವನು ಆ ಮಾತು ಶುರು ಮಾಡುವುದನ್ನೇ ಬಿಟ್ಟ. ಆಮೇಲೆ ಬೇರೆ ಮಾತುಗಳನ್ನೂ ಬಿಟ್ಟ.

ಹೆಂಡತಿಗೆ ನೆಮ್ಮದಿಯಾಯಿತು. ಹುಚ್ಚು ಇಳಿಯಿತು ಎಂದುಕೊಂಡಳು. ಮನೆಯ ಸೂರಿನ ಹುಲ್ಲು ತೆಗೆಸಿ ಹೆಂಚು ಹೊದಿಸಿದಳು. ನೋಡಿದವರು ಅವಳ ಜಾಣತನವನ್ನು ಮೆಚ್ಚಿದರು.

ಒಂದು ಸಂತೆಯ ಸಂಜೆ ಕತ್ತೆ ಒಂಟಿಯಾಗಿ ಮನೆಗೆ ಬಂತು.

ಬಲೆಗಳನ್ನು ಮಡಿಸಿ ಅದರ ಬೆನ್ನಿಗೆ ಕಟ್ಟಲಾಗಿತ್ತು. ಒಳಗೆ ಒಂದು ಬಟ್ಟೆಯ ಗಂಟಿನಲ್ಲಿ ಮಡಕೆ ಮಾರಿದ ಹಣ ಪೂರ್ತಿ ಇತ್ತು. ಮಕ್ಕಳಿಗೆಂದು ಕೊಂಡ ಬೆಲ್ಲವೂ ಇತ್ತು. ಕುಂಬಾರ ಇರಲಿಲ್ಲ.

ಬಾವಿ ನೋಡಿದರು. ಕೆರೆ ನೋಡಿದರು. ಸಂತೆಯಿಂದ ಬಂದ ಒಬ್ಬ ರೈತ, “ನಾಲ್ಕು ದಾರಿ ಕೂಡುವಲ್ಲಿ ಅವನನ್ನು ಕಂಡೆ,” ಎಂದ. “ಕತ್ತೆಯ ಕಿವಿ ಬಿಟ್ಟು ನಡೆಯುತ್ತಿದ್ದ. ಅವನು ಅಷ್ಟು ಬಿರುಸಾಗಿ ನಡೆದದ್ದನ್ನು ನಾನು ಕಂಡೇ ಇರಲಿಲ್ಲ.”

“ಯಾವ ಕಡೆಗೆ?”

“ಅದನ್ನು ನೋಡುತ್ತ ನಿಲ್ಲಲಿಲ್ಲ ತಾಯಿ. ನಿಮಗೆ ಗೊತ್ತಿರುತ್ತದೆ ಎಂದುಕೊಂಡೆ.”

ಹೆಂಡತಿ ನಾಲ್ಕು ದಾರಿ ಕೂಡುವಲ್ಲಿಗೆ ಓಡಿದಳು. ಅಲ್ಲಿ ನಿಂತಳು. ಅವಳಿಗೆ ಹುರುಳಿಯ ಬೆಲೆ ಗೊತ್ತಿತ್ತು. ಲಾಳದ ಬೆಲೆ, ಜೀನಿನ ಬೆಲೆ ಗೊತ್ತಿತ್ತು. ಯಾವ ದಾರಿ ಹಿಡಿಯಬೇಕು ಎಂಬುದು ಗೊತ್ತಿರಲಿಲ್ಲ.

ಬುದ್ಧಿಯವರು ಕತೆ ನಿಲ್ಲಿಸಿದರು.

ದಾಕ್ಷಾಯಣಿ ಬಾಗಿಲ ಕಡೆ ನೋಡಿದಳು. ವ್ಯಾನು ಅಲ್ಲೇ ನಿಂತಿತ್ತು. ಗಾಜಿನ ಮೇಲೆ ಬಿಸಿಲು ಬಿದ್ದು ಒಳಗೆ ಕೂತ ಗಂಡ ಕಾಣಲಿಲ್ಲ.

“ಸಿಕ್ಕಿದನೇ ಬುದ್ಧಿ?”

“ಹುಡುಕಲು ದಿಕ್ಕು ಬೇಕಲ್ಲ.”

“ಹಾಗಾದರೆ ಕಾರು ಕೊಳ್ಳಲಿ ಎನ್ನುತ್ತೀರಾ? ಇದ್ದದ್ದನ್ನೆಲ್ಲ ಅದಕ್ಕೆ ಸುರಿದು, ನಾವು ಮೂವರೂ ಬಾಡಿಗೆ ಮನೆಯಲ್ಲೇ ಮುದುಕರಾಗಬೇಕೇ?”

“ನಾನು ಹಾಗೆಲ್ಲಿ ಹೇಳಿದೆ? ಕುದುರೆ ಬಂದಿದ್ದರೆ ಮಡಕೆ ಒಡೆಯುತ್ತಿದ್ದವು. ಅದರಲ್ಲಿ ಎರಡು ಮಾತಿಲ್ಲ.”

“ಮತ್ತೆ ನಾನು ಕೇಳಿದ್ದಕ್ಕೆ...” ಎಂದು ದಾಕ್ಷಾಯಣಿ ಏರುದನಿ ತೆಗೆದಳು.

ಆಗ ಬುದ್ಧಿಯವರು ಒಂದು ಪ್ರಶ್ನೆ ಕೇಳಿದರು. ದಾಕ್ಷಾಯಣಿ ಉತ್ತರ ಕೊಡಲು ಬಾಯಿ ತೆರೆದಳು. ಮಗಳು ಅವಳ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಅಡ್ಡಬಾಯಿ ಹಾಕುವವರು ಯಾರೂ ಇರಲಿಲ್ಲ. ಆದರೂ ಮಾತು ಹೊರಡಲಿಲ್ಲ. ಅವರು ಕೇಳಿದ್ದು ಇಷ್ಟೇ:

“‘ಆ ಕಾರು ನಮ್ಮದಾದರೆ’ ಎಂದು ನಿನ್ನ ಗಂಡ ಶುರು ಮಾಡಿದನಲ್ಲ ತಾಯಿ, ಆ ಮಾತಿನ ಉಳಿದ ಅರ್ಧ ಏನು?”