ಅಜ್ಜನವರ ಸಪ್ಪೆ ಸಾರು

ಬಿಳಿಮಟ್ಟಿ ಮಠದ ಪೂಜ್ಯ ಶ್ರೀ ಗುರುಶಾಂತ ಅಜ್ಜನವರ ದರ್ಶನಕ್ಕೆ ಬಂದವರು ಮೊದಲು ಗದ್ದುಗೆಯ ಕಡೆ ಹೋಗಿ, ಅಲ್ಲಿ ಯಾರೂ ಇಲ್ಲದ್ದನ್ನು ಕಂಡು, ಆಮೇಲೆ ಹೊಗೆಯ ಜಾಡು ಹಿಡಿದು ಅಡುಗೆಮನೆಗೆ ಬರುತ್ತಿದ್ದರು. ತುಂಬು ಮುಪ್ಪಿನಲ್ಲೂ ದಾಸೋಹದ ಸಾರನ್ನು ಅಜ್ಜನವರೇ ಕೈಯಾರೆ ಕುದಿಸುತ್ತಿದ್ದರು. ಲಿಂಗಕ್ಕೆ ಅರ್ಪಿಸುವ ಮೊದಲು ಅಡುಗೆಯನ್ನು ಯಾರೂ ನಾಲಿಗೆಗೆ ಮುಟ್ಟಿಸಬಾರದೆಂಬುದು ಮಠದ ಕಟ್ಟಳೆ. ಆ ಕಟ್ಟಳೆಯನ್ನು ಮುರಿದ ಒಬ್ಬ ಮಹನೀಯರ ಪ್ರಸಂಗವಿದು. ಕೊಪ್ಪರಿಗೆಯಲ್ಲಿದ್ದದ್ದು ಹೆಸರುಬೇಳೆಯೋ ತೊಗರಿಬೇಳೆಯೋ ಎಂದು ಭಕ್ತರಲ್ಲಿ ಇಂದಿಗೂ ಜಗಳವಿದೆ. ತೊಗರಿ ಎಂದಿಟ್ಟುಕೊಳ್ಳೋಣ, ಕಥೆಗೆ ಸ್ವಲ್ಪ ಗಟ್ಟಿತನ ಬರುತ್ತದೆ.

ರೇವಣಾರಾಧ್ಯ ಶಾಸ್ತ್ರಿಗಳು ಮಠದ ಪಾಠಶಾಲೆಯಲ್ಲಿ ಸಿದ್ಧಾಂತ ಹೇಳುತ್ತಿದ್ದವರು. ವಾದದಲ್ಲಿ ಅವರನ್ನು ಗೆದ್ದವರು ಆ ಸೀಮೆಯಲ್ಲಿರಲಿಲ್ಲ. ಸೋತವರು ಮಾತ್ರ ಊರಿಗೊಬ್ಬರಾದರೂ ಸಿಗುತ್ತಿದ್ದರು. ಅಂಥವರು ಆ ದಿನ ಕೆದರಿದ ತಲೆಯಲ್ಲಿ, ಪಾಠಕ್ಕೆ ಕೂರುವಾಗ ಹೊದೆಯುವ ಶಾಲನ್ನು ಕಂಕುಳಲ್ಲಿ ಮುದುಡಿಟ್ಟುಕೊಂಡು ಬಂದು ಒಲೆಯ ಮುಂದೆ ನಿಂತರು. ಆ ಮಳೆಗಾಲದಲ್ಲಿ ಅವರ ಒಬ್ಬಳೇ ಮಗಳು ನೀಲಾ ಜ್ವರದಿಂದ ತೀರಿಕೊಂಡಿದ್ದಳು.

“ಅಜ್ಜಾರ, ಈ ಶಾಲು ತಗೋರಿ. ನಾಳಿಂದ ನಾ ಪಾಠಕ್ಕ ಬರಾಂಗಿಲ್ಲ.”

ಅಜ್ಜನವರು ಸೌಟು ತಿರುವುತ್ತಲೇ ಇದ್ದರು.

“ನಂಬಿಕಿ ಹೋಗೇತ್ರಿ. ಖರೇ ಹೇಳಬೇಕಂದ್ರ ಭಾಳ ವರ್ಷದ ಹಿಂದನ ಹೋಗಿತ್ತು. ಪಾಠ ಹೇಳಾಕ ಅದೇನೂ ಬೇಕಾಗಿದ್ದಿಲ್ಲ, ನಡದಿತ್ತು. ಕಡೀ ದಿನ ಆ ಹುಡುಗಿ ಕೇಳಿದಳು, ‘ಅಪ್ಪಾ, ಅಲ್ಲಿ ಕತ್ತಲಿ ಇರತೈತೇನು’ ಅಂತ. ನಾ ಶಾಸ್ತ್ರ ಹೇಳಿದೆ. ಬೆಳಕಿನಾಗ ಬೆಳಕು ಕೂಡತೈತಿ ಅಂದೆ. ಒಂದಕ್ಷರ ತಪ್ಪಲಿಲ್ಲ. ಅಕಿ ನಂಬಿ ಕಣ್ಣು ಮುಚ್ಚಿದಳು. ನಾ ನಂಬಿದ್ದಿಲ್ಲ.”

ಮೂಲೆಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಭಕ್ತೆ ಈರವ್ವ ಮೊರ ಕೆಳಗಿಟ್ಟಳು. “ಅಜ್ಜಾರ ಪಾದಾ ಹಿಡೀರಿ ಶಾಸ್ತ್ರಿಗಳ. ನಂಬಿಕಿ ತಾನಾಗೇ ಬರತೈತಿ.”

“ಹಿಡದು ನೋಡೇನವ್ವಾ. ಬರಲಿಲ್ಲ.” ಶಾಸ್ತ್ರಿಗಳು ಮತ್ತೆ ಅಜ್ಜನವರತ್ತ ತಿರುಗಿದರು. “ನಂಬದಾವ ಸಿದ್ಧಾಂತ ಓದಬಹುದೇನ್ರಿ? ಓದಿಸಬಹುದೇನು? ಅಷ್ಟ ಹೇಳ್ರಿ, ಹೋಗತೇನಿ.”

ಉತ್ತರ ಬರಲಿಲ್ಲ. ಸಾರು ಕೊತಕೊತ ಕುದಿಯಿತು. ಶಾಸ್ತ್ರಿಗಳಿಗೆ ಆ ಮೌನ ಮಗಳ ಹಾಸಿಗೆಯ ಪಕ್ಕದ ಮೌನದ ಹಾಗೆಯೇ ಕೇಳಿಸಿತು. ಅವರು ಸಮಾಧಾನ ಬೇಡಿ ಬಂದವರಲ್ಲ. ಶಾಪ ಸಿಕ್ಕರೂ ಸಾಕಾಗಿತ್ತು. ಶಪಿಸುವವರೊಬ್ಬರು ಇದ್ದಾರೆಂದಾದರೂ ಆಗುತ್ತಿತ್ತು. ಥಟ್ಟನೆ ಅಜ್ಜನವರ ಕೈಯಿಂದ ಸೌಟು ಕಿತ್ತುಕೊಂಡರು, ಕುದಿಯುವ ಸಾರನ್ನು ಅಂಗೈಗೆ ಸುರಿದುಕೊಂಡರು, ಇಬ್ಬರೂ ನೋಡುತ್ತಿದ್ದಂತೆ ನೆಕ್ಕಿಬಿಟ್ಟರು.

ಈರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಲಿಂಗಕ್ಕೆ ಅರ್ಪಿಸದ ಅಡುಗೆ. ಅದೂ ಸಿದ್ಧಾಂತದ ಗುರುಗಳಿಂದ.

ಅಜ್ಜನವರು ಶಾಸ್ತ್ರಿಗಳ ಸುಟ್ಟ ಅಂಗೈಯನ್ನು ತಣ್ಣೀರಿಗೆ ಅದ್ದಿ ಹಿಡಿದು ಕೇಳಿದರು. “ಹೆಂಗೈತಿ?”

ಬೈಗುಳಕ್ಕೆ ಸಿದ್ಧರಾಗಿದ್ದ ಶಾಸ್ತ್ರಿಗಳು ತಡವರಿಸಿದರು. “ಉಪ್ಪಿಲ್ಲ.”

“ನಿನ್ನಿ ಇತ್ತೇನವ್ವಾ ಈರವ್ವ?”

ಅವಳು ನೆಲ ನೋಡಿದಳು. “ಇಲ್ರಿ ಅಜ್ಜಾರ. ದಸರಾದಿಂದನೂ ಇಲ್ಲ. ನಿಮ್ಮದೇನರ ವ್ರತ ಇರಬೇಕಂತ ನಾವು ಮನಿಯಾಗೂ ಸಪ್ಪಂದ ಉಣ್ಣಾಕ ಹತ್ತೇವಿ.”

ವ್ರತವೂ ಇಲ್ಲ, ಏನೂ ಇಲ್ಲ, ಮುಪ್ಪಿನ ಮರೆವು. ಅಜ್ಜನವರು ಬರೀ ಹಾಲಿನ ಮೇಲಿದ್ದುದರಿಂದ ಅವರಿಗೂ ತಿಳಿದಿರಲಿಲ್ಲ. ಊರಿಗೆ ಊರೇ ಸಪ್ಪೆಯುಂಡು, ಆ ಸಪ್ಪೆಗೊಂದು ಅರ್ಥ ಹಚ್ಚಿ, ಕೈಮುಗಿದಿತ್ತು. ಅಜ್ಜನವರು ಒಂದು ಹಿಡಿ ಉಪ್ಪು ತೆಗೆದು ಕೊಪ್ಪರಿಗೆಗೆ ಹಾಕಿದರು. ಆಮೇಲೆ ಶಾಲನ್ನು ಕೊಡವಿ ಶಾಸ್ತ್ರಿಗಳ ಹೆಗಲಿಗೆ ಹಾಕಿದರು.

“ನಂಬಿದವರು ಒಬ್ಬರೂ ಉಪ್ಪಿಲ್ಲಂತ ಹೇಳಲಿಲ್ಲ. ನೀವು ಹೇಳಿದ್ರಿ. ಲಿಂಗಕ್ಕ ಬ್ಯಾರೆ ಅಡಿಗಿ ಇಡತೇನಿ. ನೀವು ಪಾಠ ಬಿಡಬ್ಯಾಡ್ರಿ.”

“ಮತ್ತ ನನ್ನ ನೀಲಾ?” ಶಾಸ್ತ್ರಿಗಳು ಕೇಳಿದರು. “ಅಲ್ಲಿ ಕತ್ತಲಿ ಐತೋ ಇಲ್ಲೋ? ನೀವರ ಹೇಳ್ರಿ.”

“ಕತ್ತಲಿ ಇಲ್ಲಂತ ನಾ ನಂಬೇನಿ, ಅಪ್ಪಾ,” ಎಂದರು ಅಜ್ಜನವರು ಮೆಲ್ಲಗೆ. “ಆದ್ರ ನೋಡಿಲ್ಲ.”

ಶಾಸ್ತ್ರಿಗಳು ಅಲ್ಲಿಂದ ನೇರ ರುದ್ರಭೂಮಿಗೆ ಹೋದರು. ಮಗಳನ್ನು ಕೂರಿಸಿ ಮಣ್ಣು ಮಾಡಿದ ಜಾಗದಲ್ಲಿ ಹುಲ್ಲು ಆಗಲೇ ಒಣಗಿತ್ತು. “ನೀಲಾ, ಅವತ್ತು ನೀ ಕೇಳಿದೆಯಲ್ಲ, ನನಗ ಗೊತ್ತಿದ್ದಿಲ್ಲವ್ವಾ,” ಎಂದರು. “ಈಗೂ ಗೊತ್ತಿಲ್ಲ.” ಹೇಳುವುದು ಮುಗಿದ ಮೇಲೂ ಎದ್ದು ಬರಲಾಗದೆ, ದನ ಮನೆಗೆ ಮರಳುವ ಹೊತ್ತಿನವರೆಗೆ ಅಲ್ಲೇ ಕೂತಿದ್ದರು. ಬರುವಾಗ ಹೆಗಲ ಮೇಲೆ ಶಾಲು ಇರಲಿಲ್ಲ. ಅದು ಆ ದಿಬ್ಬದ ಮೇಲಿತ್ತು, ಚಳಿ ಶುರುವಾಗಿತ್ತು.

ಅವರಿಗೆ ನಂಬಿಕೆ ಕಡೆಯವರೆಗೂ ಮರಳಲಿಲ್ಲವೆಂದು ಬಲ್ಲವರು ಹೇಳುತ್ತಾರೆ. ಮರಳಿತೆಂದು ಹೇಳಿದರೆ ಪ್ರಸಂಗ ಇನ್ನೂ ಚೆನ್ನಾಗಿರುತ್ತದೆ, ಆದರೆ ಅಜ್ಜನವರ ಹೆಸರೆತ್ತಿದ ಮೇಲೆ ಅಷ್ಟು ದೊಡ್ಡ ಸುಳ್ಳಿಗೆ ನಾಲಿಗೆ ಏಳುವುದಿಲ್ಲ. ಮರುದಿನ ಬೆಳಿಗ್ಗೆ ಅವರು ಬರಿ ಹೆಗಲಲ್ಲಿ, ಬೊಬ್ಬೆ ಎದ್ದ ಕೈಯಲ್ಲಿ ತಾಳೆಯೋಲೆಯ ಕಟ್ಟು ಬಿಚ್ಚಿದರು. ಪಾಠಕ್ಕೆ ಮೊದಲು ಎಂದೂ ಹೇಳದಿದ್ದ ಮಾತೊಂದನ್ನು ಹೇಳಿದರು, ಆಮೇಲೆ ಬದುಕಿರುವವರೆಗೂ ಅದನ್ನು ಹೇಳದೆ ಪಾಠ ತೆಗೆಯಲಿಲ್ಲ.

“ಶಾಸ್ತ್ರ ಹೀಂಗ ಹೇಳತೈತಿ. ನಾ ನೋಡಿಲ್ಲ. ಕೂಡ್ರಿ, ಓದೂಣು.”