ಪಕ್ಕದ ಮನೆಯ ಯುಪಿಎಸ್

"ಬುದ್ಧೀ, ಮರುಳಸಿದ್ಧನಿಗೆ ದಿನಕ್ಕೊಂದು ತಾಸು ಮೌನವಾಗಿ ಕೂರಲು ಹೇಳಿದ್ದೀರಿ. ನನಗೆ ಮಾತ್ರ ದಾಸೋಹದಲ್ಲಿ ಬಡಿಸುವ ಕೆಲಸ. ನನಗೂ ಮೌನ ಕೊಡಿ. ಬೇಕಿದ್ದರೆ ಎರಡು ತಾಸು ಕೊಡಿ. ಯಾಕೆ ಕೊಡುವುದಿಲ್ಲ?"

ಹೀಗೆ ಕೇಳಿದವನು ಚನ್ನವೀರ. ಅವನೂ ಮರುಳಸಿದ್ಧನೂ ಮಠಕ್ಕೆ ಒಂದೇ ದಿನ ಬಂದವರು. ತಿಂಗಳಿಂದ ಅವನು ಇದನ್ನೇ ಮತ್ತೆ ಮತ್ತೆ ಕೇಳುತ್ತಿದ್ದ. ಗುರುಗಳು ಕೊಡುತ್ತೇನೆ ಎನ್ನಲಿಲ್ಲ, ಕೊಡುವುದಿಲ್ಲ ಎಂದೂ ಅನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ತಾಲ್ಲೂಕು ಊರಿನಲ್ಲಿ ಒಬ್ಬ ಬೆರಳಚ್ಚುಗಾರನಿದ್ದ. ಅವನ ಪಕ್ಕದ ಮನೆಯವನೂ ಬೆರಳಚ್ಚುಗಾರನೇ. ಇಬ್ಬರೂ ಬಹಳ ವರ್ಷ ಕೋರ್ಟಿನ ಮುಂದಿನ ಹುಣಸೆ ಮರದಡಿ ಕೂತು ಅರ್ಜಿ ಟೈಪು ಮಾಡಿದವರು. ಕಾಲ ಬದಲಾಯಿತು. ಇಬ್ಬರೂ ಕಂಪ್ಯೂಟರ್ ಕೊಂಡು ಮನೆಯಲ್ಲೇ ಕೆಲಸ ಹಿಡಿದರು. ಪಕ್ಕದವನು ಸಣ್ಣದೊಂದು ಹಳೆಯ ಕಂಪ್ಯೂಟರ್ ತಂದ. ಅದನ್ನು ನೋಡಿ ನಮ್ಮವನು ಅದರ ಎರಡರಷ್ಟು ದೊಡ್ಡದನ್ನು ತಂದ. ಅಷ್ಟು ದೊಡ್ಡದರಿಂದ ಅವನಿಗೆ ಆಗಬೇಕಾದ ಕೆಲಸವೇನೂ ಇರಲಿಲ್ಲ.

ಆ ಊರಿನಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಹೋದಾಗ ಎರಡೂ ಮನೆಯ ಕೆಲಸ ಒಟ್ಟಿಗೆ ನಿಲ್ಲುತ್ತಿತ್ತು. ಅಲ್ಲಿಯವರೆಗೆ ನಮ್ಮವನು ಸುಖವಾಗಿದ್ದ. ಒಂದು ದಿನ ಪಕ್ಕದವನು ಯುಪಿಎಸ್ ತಂದಿಟ್ಟುಕೊಂಡ. ಮರುದಿನ ಕರೆಂಟು ಹೋಯಿತು. ಗೋಡೆಯಾಚೆ ಕೀಲಿಗಳ ಟಕಟಕ ಮಾತ್ರ ನಿಲ್ಲಲಿಲ್ಲ. ತನ್ನದು ನಿಂತಿತಲ್ಲ ಎಂದು ನಮ್ಮವನಿಗೆ ಅಷ್ಟೇನೂ ದುಃಖವಾಗಲಿಲ್ಲ. ಅವನದು ನಡೆಯುತ್ತಿದೆಯಲ್ಲ ಎಂದು ಹೊಟ್ಟೆ ಉರಿಯಿತು. ಊಟ ಸೇರಲಿಲ್ಲ. ಸಂಜೆಗೆ ಅಂಗಡಿಗೆ ಹೋದ.

ಅಂಗಡಿಯವನು ಕೇಳಿದ: "ನಿಮ್ಮ ಕಂಪ್ಯೂಟರ್ ಎಷ್ಟು ವ್ಯಾಟಿನದು ಸ್ವಾಮಿ? ಅದರ ಜೊತೆಗೆ ಏನೇನು ಜೋಡಿಸುತ್ತೀರಿ?"

"ನನ್ನದು ಹಾಗಿರಲಿ. ನಮ್ಮ ಪಕ್ಕದ ಮನೆಯವರು ಯಾವುದು ಒಯ್ದರು?"

"ಇದು. ಅವರ ಕಂಪ್ಯೂಟರಿಗೆ ಎರಡು ಗಂಟೆ ಬರುತ್ತದೆ."

"ಹಾಗಾದರೆ ನನಗೆ ನಾಲ್ಕು ಗಂಟೆ ಬರುವಂಥದ್ದು ಕೊಡಿ."

ಅಂಗಡಿಯವನು ಒಳ್ಳೆಯವನು. "ಇದರಲ್ಲೇ ದೊಡ್ಡ ಬ್ಯಾಟರಿಯದಿದೆ. ಆದರೆ ಬ್ಯಾಟರಿ ದೊಡ್ಡದಾದರೆ ಹೆಚ್ಚು ಹೊತ್ತು ನಡೆಯುತ್ತದೆಯೇ ಹೊರತು ಹೆಚ್ಚು ಭಾರ ಹೊರುವುದಿಲ್ಲ. ಮನೆಗೆ ಹೋಗಿ, ಕಂಪ್ಯೂಟರಿನ ಹಿಂಬದಿ ಬರೆದಿರುವುದನ್ನು ನೋಡಿಕೊಂಡು ಬನ್ನಿ. ನಿಮಗೆ ಹೊಂದುವುದನ್ನೇ ಕೊಡುತ್ತೇನೆ" ಎಂದ. ನಮ್ಮವನ ಕಿವಿಗೆ ಹೆಚ್ಚು ಹೊತ್ತು ಎಂಬುದೊಂದೇ ಬಿದ್ದಿತ್ತು. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಳ್ಳುವಾಗ ಯಾರು ಬುದ್ಧಿ ಹೇಳಿದರೆ ತಾನೇ ಕೇಳುತ್ತದೆ? ಅದನ್ನೇ ಹೊತ್ತು ತಂದ.

ಪಕ್ಕದವನು ಯುಪಿಎಸ್‌ಗೆ ಕಂಪ್ಯೂಟರೊಂದನ್ನೇ ಜೋಡಿಸಿದ್ದ. ನಮ್ಮವನು ಪ್ರಿಂಟರನ್ನೂ ಅದಕ್ಕೇ ಸಿಕ್ಕಿಸಿದ. ಯುಪಿಎಸ್ ಕೀ ಕೀ ಎಂದು ಕೂಗತೊಡಗಿತು. ಹೊರಲಾರದ ಭಾರಕ್ಕೆ ಅದು ಕೂಗುತ್ತಿತ್ತು. ಇವನು ಅದನ್ನು ಪಕ್ಕದವನಿಗೂ ಕೇಳಿಸಲಿ ಎಂದು ಕಿಟಕಿ ತೆರೆದಿಟ್ಟ. ಯುಪಿಎಸ್ ಇದೆಯಲ್ಲ ಎಂಬ ಧೈರ್ಯದಲ್ಲಿ, ಟೈಪು ಮಾಡಿದ್ದನ್ನು ಪುಟಪುಟಕ್ಕೆ ಸೇವ್ ಮಾಡುವ ರೂಢಿಯನ್ನೂ ಬಿಟ್ಟ.

ವಾರ ಕಳೆಯಿತು. ಒಬ್ಬ ಹೆಂಗಸು ಬಂದಳು. ಗಂಡ ಸತ್ತ ಮೇಲೆ ಮೈದುನರು ಅವಳನ್ನು ಮನೆ ಬಿಡಿಸಲು ನಿಂತಿದ್ದರು. ಕೆಳಗಿನ ಕೋರ್ಟಿನಲ್ಲಿ ಅವಳು ಸೋತಿದ್ದಳು. ಮೇಲ್ಮನವಿಗೆ ಅದೇ ಕಡೆಯ ದಿನ. ವಕೀಲರು ಕೈಯಲ್ಲಿ ಬರೆದುಕೊಟ್ಟ ಹನ್ನೆರಡು ಪುಟ ಟೈಪಾಗಿ ಐದು ಗಂಟೆಯೊಳಗೆ ಕೋರ್ಟು ಸೇರಬೇಕಿತ್ತು. ಹನ್ನೊಂದು ಪುಟ ಮುಗಿದಿತ್ತು. ಆಗ ಮೂರು ಗಂಟೆ. ಕರೆಂಟು ಹೋಯಿತು. ಭಾರ ತನ್ನ ಮೇಲೆ ಬಿದ್ದದ್ದೇ ತಡ, ಯುಪಿಎಸ್ ಒಮ್ಮೆ ಕೂಗಿ ಆರಿತು. ಕಂಪ್ಯೂಟರೂ ಆರಿತು. ಹನ್ನೊಂದು ಪುಟವೂ ಹೋಯಿತು.

ಗೋಡೆಯಾಚೆ ಟಕಟಕ ನಡೆದೇ ಇತ್ತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಪಕ್ಕದವನು ತೆರೆದ ಕಿಟಕಿಯ ಬಳಿ ಬಂದು ನಿಂತ.

"ಅಣ್ಣಾ, ನಿಮ್ಮದು ನಿಂತ ಹಾಗಿದೆ. ನನ್ನ ಕೆಲಸ ತೆಗೆದಿಡುತ್ತೇನೆ, ನಮ್ಮಲ್ಲೇ ಕೂತು ಮುಗಿಸಿ ಬನ್ನಿ. ಮುಗಿದಷ್ಟು ಪುಟ ಪ್ರಿಂಟ್ ಹಾಕಿಸಲು ಜನರೇಟರ್ ಇರುವ ಅಂಗಡಿಗೆ ಕಾಲು ಗಂಟೆಗೊಮ್ಮೆ ನಾನೇ ಓಡುತ್ತೇನೆ."

"ಬೇಡಪ್ಪ. ಇನ್ನೇನು ಬಂದೇ ಬಿಡುತ್ತದೆ ಕರೆಂಟು" ಎಂದು ನಮ್ಮವನು ಕಿಟಕಿ ಹಾಕಿಕೊಂಡ.

ಹೆಂಗಸಿಗೆ ಯಂತ್ರದ ವಿಷಯ ತಿಳಿಯದು. ಬಂದೇ ಬಿಡುತ್ತದೆ ಎಂದ ಮಾತನ್ನು ನಂಬಿ ಬಾಗಿಲ ಬಳಿ ಕೂತಳು. ನಾಲ್ಕಾಯಿತು. ನಾಲ್ಕೂವರೆಯಾಯಿತು. ಕರೆಂಟು ಬಂದಾಗ ಐದೂವರೆ. ಕೋರ್ಟಿನ ಬಾಗಿಲು ಮುಚ್ಚಿತ್ತು. ಅವಳು ತನ್ನ ಹನ್ನೆರಡು ಹಾಳೆಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದಳು.

"ಅವರು ಕರೆದರಲ್ಲ ಸ್ವಾಮಿ. ನೀವು ಹೋಗದಿದ್ದರೆ ಬೇಡ, ನನ್ನನ್ನಾದರೂ ಕಳಿಸಬಹುದಿತ್ತು" ಎಂದಳು. ಅಳಲಿಲ್ಲ, ಬೈಯಲಿಲ್ಲ. ಹೋದಳು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಚನ್ನವೀರನಿಗೆ ಆ ಹೆಂಗಸಿನ ಪರವಾಗಿ ಸಿಟ್ಟು ಬಂದಿತ್ತು. "ಎಂಥ ಮನುಷ್ಯ ಬುದ್ಧೀ ಅವನು! ಆಮೇಲಾದರೂ ತನಗೆ ಹೊಂದುವುದನ್ನು ತಂದನೇ?" ಎಂದು ಕೇಳಿದ.

"ತನ್ನ ಕಂಪ್ಯೂಟರಿನ ಹಿಂಬದಿಯನ್ನು ಅವನು ಇನ್ನೂ ನೋಡಿಲ್ಲ" ಎಂದರು ಗುರುಗಳು. ಆಮೇಲೆ ಚನ್ನವೀರನ ಕಡೆ ತಿರುಗಿ ಕೇಳಿದರು:

"ಒಂದು ತಿಂಗಳಿಂದ ಮರುಳಸಿದ್ಧನ ವಿಷಯ ಹೇಳುತ್ತಿದ್ದೀಯೆ ಮಗೂ, ಇನ್ನು ನಿನ್ನದು ಹೇಳು."

"ಬುದ್ಧೀ, ಮರುಳಸಿದ್ಧ..." ಎಂದು ಶುರುಮಾಡಿದ ಚನ್ನವೀರ ನಾಲಿಗೆ ಕಚ್ಚಿಕೊಂಡ.