ಕುಲುಕುವ ಯಂತ್ರ

“ಬುದ್ಧಿ, ಮಠದ ಬೆಳ್ಳಿ ಬಟ್ಟಲು ಕದ್ದದ್ದು ತಾನೇ ಎಂದು ಅಡುಗೆಯ ಕೊಟ್ರಯ್ಯ ಒಪ್ಪಿಕೊಂಡಿದ್ದಾನೆ. ಆದರೆ ಎಲ್ಲಿಟ್ಟಿದ್ದಾನೆಂದು ಮಾತ್ರ ಹೇಳುತ್ತಿಲ್ಲ. ಅವನ ಬಾಯಿ ಬಿಡಿಸುವುದು ಹೇಗೆ?” ಎಂದು ಶಿಷ್ಯ ಕೇಳಿದ.

“ಒಪ್ಪಿಕೊಂಡದ್ದು ಹೇಗೆ?” ಎಂದರು ಗುರುಗಳು.

“ಸುಮ್ಮನೆ ಒಪ್ಪುತ್ತಾನೆಯೇ? ಬೆಳಗಿನಿಂದ ಎಲ್ಲರೆದುರು ನಿಲ್ಲಿಸಿ ಕೇಳಿದೆವು. ಪೊಲೀಸರ ಹೆಸರೆತ್ತಿದ ಮೇಲೆ ಅತ್ತ. ಹೌದು ಅಂದ.”

ಕೊಟ್ರಯ್ಯನನ್ನು ಮೊದಲು ಊಟಕ್ಕೆ ಕೂರಿಸಿ ಎಂದು ಗುರುಗಳು ಹೇಳಿ ಕಳಿಸಿದರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ದನದ ಡಾಕ್ಟರಿದ್ದ. ದನಗಳ ರಕ್ತವನ್ನು ಸಣ್ಣ ಕೊಳವೆಗಳಲ್ಲಿ ತೆಗೆದು ಪರೀಕ್ಷಿಸುತ್ತಿದ್ದ. ರಕ್ತ ಹೆಪ್ಪುಗಟ್ಟಬಾರದೆಂದು ಕೊಳವೆಯಲ್ಲಿ ಮೊದಲೇ ಒಂದು ಔಷಧಿ ಇರುತ್ತದೆ. ಅದು ಬೆರೆಯಬೇಕಾದರೆ ಕೊಳವೆಯನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಮೇಲೆ ಕೆಳಗೆ ಮಾಡಬೇಕು. ಡಾಕ್ಟರಿಗೆ ಈ ಕೆಲಸ ಬೇಸರ ಹಿಡಿಸಿತು. ಇದಕ್ಕೆಂದೇ ಪೇಟೆಯಲ್ಲಿ ಯಂತ್ರ ಸಿಗುತ್ತದೆ. ಅದನ್ನು ತರಿಸುವ ಯೋಗ ಆ ಸಣ್ಣ ಆಸ್ಪತ್ರೆಗಿರಲಿಲ್ಲ. ಆತ ಮನೆಯ ಮಿಕ್ಸಿಯ ಮೋಟಾರನ್ನೇ ಬಿಚ್ಚಿ ತಂದ. ಅದಕ್ಕೊಂದು ಹಲಗೆ ಕೂರಿಸಿ, ಕೊಳವೆಗಳನ್ನು ಸಿಕ್ಕಿಸಲು ಸೈಕಲ್ ಟ್ಯೂಬಿನ ಪಟ್ಟಿ ಹೊಡೆದ. ಸ್ವಿಚ್ ಒತ್ತಿದರೆ ಹಲಗೆ ಗಡಗಡನೆ ಕುಲುಕುತ್ತಿತ್ತು. ಚಟ್ನಿ ರುಬ್ಬುವ ಮೋಟಾರಿಗೆ ಮೆಲ್ಲಗೆ ಎಂಬುದು ಎಲ್ಲಿ ಗೊತ್ತು? ಆದರೂ ಡಾಕ್ಟರಿಗೆ ಅದರ ಮೇಲೆ ಬಲು ಅಭಿಮಾನ.

ಮರುದಿನವೇ ಒಬ್ಬ ಹೆಣ್ಣುಮಗಳು ಗಬ್ಬದ ಹಸುವನ್ನು ಹೊಡೆದುಕೊಂಡು ಬಂದಳು. ಅದರ ಮೈಮೇಲೆ ಉಣ್ಣಿ ಕಂಡು ಹೆದರಿದ್ದಳು. ಹಿಂದಿನ ಸಲದ ಕರು ಸತ್ತೇ ಹುಟ್ಟಿತ್ತು.

ಡಾಕ್ಟರ್ ರಕ್ತ ತೆಗೆದು ತನ್ನ ಯಂತ್ರದಲ್ಲಿ ಕುಲುಕಿದ. ಆಮೇಲೆ ಕೊಳವೆಯನ್ನು ಕೈಯಿಂದ ತಿರುಗಿಸುವ ಹಳೆಯ ಚಕ್ರದಲ್ಲಿಟ್ಟು ಗಿರಗಿರನೆ ತಿರುಗಿಸಿದ. ಆರೋಗ್ಯದ ರಕ್ತವಾದರೆ ಕೆಂಪೆಲ್ಲ ಅಡಿಗೆ ಕೂತು ಮೇಲೆ ತಿಳಿ ಹಳದಿ ನೀರು ನಿಲ್ಲುತ್ತದೆ. ಇಲ್ಲಿ ಮೇಲಿನ ನೀರೂ ಕೆಂಪಾಗಿತ್ತು.

“ಉಣ್ಣಿ ಜ್ವರ ಕಣಮ್ಮ. ರಕ್ತ ಮೈಯೊಳಗೇ ಒಡೀತಾ ಇದೆ. ಈಗಲೇ ಇಂಜೆಕ್ಷನ್ ಕೊಡ್ಬೇಕು. ಔಷಧಿ ಬಿರುಸು, ಕರು ಉಳಿಯೋದು ಅನುಮಾನ” ಎಂದು ಸಿರಿಂಜು ತುಂಬಿದ.

“ಮೇವು ತಿಂತೈತೆ, ಮೆಲುಕು ಹಾಕ್ತೈತೆ. ನನ್ನ ಮನಸ್ಸು ಒಪ್ತಿಲ್ಲ ಸ್ವಾಮಿ. ಇನ್ನೊಂದು ಸಲ ನೋಡ್ರಿ” ಎಂದು ಅವಳು ಹಸುವಿಗೆ ಅಡ್ಡ ನಿಂತಳು.

ಡಾಕ್ಟರ್ ಗೊಣಗಿಕೊಂಡೇ ಮತ್ತೆ ರಕ್ತ ತೆಗೆದ. ಅಷ್ಟರಲ್ಲಿ ಕರೆಂಟು ಹೋಯಿತು. ಬೇರೆ ದಾರಿಯಿಲ್ಲದೆ ಕೈಯಲ್ಲೇ ಮೆಲ್ಲಗೆ ಬೆರೆಸಿ ಚಕ್ರಕ್ಕಿಟ್ಟ. ಈ ಸಲ ಮೇಲೆ ತಿಳಿ ಹಳದಿ ನೀರು ನಿಂತಿತು. ಅದೇ ಹಸು, ಅದೇ ರಕ್ತ. ಅವನಿಗೆ ಒಳಗೊಳಗೇ ಅಳುಕು ಹುಟ್ಟಿತು. ಕರೆಂಟು ಬಂದ ಮೇಲೆ ಕಾಂಪೌಂಡರನಿಂದ ತನ್ನ ತೋಳಿನ ರಕ್ತವನ್ನೇ ಎರಡು ಕೊಳವೆಗೆ ತೆಗೆಸಿದ. ಒಂದನ್ನು ಕೈಯಲ್ಲಿ ಬೆರೆಸಿದ, ಇನ್ನೊಂದನ್ನು ಯಂತ್ರದಲ್ಲಿ ಕುಲುಕಿದ. ಕೈಯಲ್ಲಿ ಬೆರೆಸಿದ್ದು ತಿಳಿಯಾಗಿತ್ತು. ಯಂತ್ರದ್ದು ಕೆಂಪು.

ಹೆಣ್ಣುಮಗಳು ಇಣುಕಿ ನೋಡಿ, “ಅಯ್ಯೋ, ನಿಮಗೂ ಉಣ್ಣಿ ಜ್ವರಾನಾ ಸ್ವಾಮಿ?” ಎಂದಳು.

ಡಾಕ್ಟರಿಗೆ ತಡೆಯಲಾರದ ನಗು ಬಂತು. ನಗುತ್ತಲೇ ಕುರ್ಚಿಗೆ ಕುಸಿದ. ಆಗಬಹುದಾಗಿದ್ದದ್ದು ನೆನೆದು, ತುಂಬಿಟ್ಟಿದ್ದ ಸಿರಿಂಜನ್ನು ಖಾಲಿ ಮಾಡಿದ. ರೋಗವೇ ಇರಲಿಲ್ಲ. ಕುಲುಕಿದ ರಭಸಕ್ಕೆ ರಕ್ತ ಕೊಳವೆಯಲ್ಲೇ ಒಡೆದಿತ್ತು. ಹೆಣ್ಣುಮಗಳು ಹಸುವಿನ ಕೊರಳು ತಬ್ಬಿಕೊಂಡು, ಬದುಕಿದೆವು ಎಂದು ಕಣ್ಣೊರೆಸಿಕೊಂಡಳು. ಹಸು ಅವಳ ಸೆರಗನ್ನು ಅಗಿಯುತ್ತಿತ್ತು. ಸಂಜೆ ಆ ಮೋಟಾರು ಮತ್ತೆ ಮಿಕ್ಸಿ ಸೇರಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ನಿಟ್ಟುಸಿರು ಬಿಟ್ಟು, “ಸದ್ಯ, ಕರು ಉಳಿಯಿತು. ಆದರೆ ನಮ್ಮ ಬಟ್ಟಲಿನ ಗತಿ ಏನು ಬುದ್ಧಿ?” ಎಂದ.

“ನಿನ್ನೆ ನಾನು ಕಷಾಯ ಕುಡಿದಿಟ್ಟ ಬಟ್ಟಲು ಈ ಮಂಚದ ಕೆಳಗೇ ಇದೆ, ಕೊಟ್ರಯ್ಯ ಒಪ್ಪಿಕೊಂಡ ಕಳ್ಳತನ ಯಾವುದಪ್ಪಾ?”